ಲಾನ್‌ಗೆ ಎಎಂಸಿ, ಊರಿನ ಗಿಡಕ್ಕೆ ಫೋಟೋ

ಅಶೋಕ ಚಕ್ರವರ್ತಿ ಸಾಲುಮರ ನೆಡಿಸಿದ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ನಾನು ಅದನ್ನು ಕಲಿತದ್ದು ಮಸ್ಕಿ ಪಕ್ಕದ ಒಂದು ಹಳ್ಳಿ ಶಾಲೆಯಲ್ಲಿ. ಅಶೋಕನ ಹೆಸರನ್ನೇ ಬರೆದಿರುವ ಶಾಸನ 1915ರಲ್ಲಿ ಸಿಕ್ಕಿದ್ದು ಇದೇ ಮಸ್ಕಿಯಲ್ಲಿ. ಆದರೆ ಮಸ್ಕಿ ಶಾಸನದಲ್ಲಿ ಮರದ ಮಾತಿಲ್ಲ. ಅದು ಇರುವುದು ಗಿರ್ನಾರ್ ಮುಂತಾದ ಕಡೆಯ ಬೇರೆ ಶಾಸನಗಳಲ್ಲಿ. ಅಲ್ಲಿ ಮರ ನೆಡಿಸಿದ ಮಾತಿನ ಜೊತೆಗೇ ಬಾವಿ ತೋಡಿಸಿದ ಮಾತೂ ಇದೆ. ನಮಗೆ ಮರ ನೆನಪುಳಿಯಿತು, ಬಾವಿ ಮರೆತುಹೋಯಿತು. ನಮ್ಮ ಕಂಪನಿಗಳ ಗಿಡ ನೆಡುವ ಕಾರ್ಯಕ್ರಮಗಳಲ್ಲೂ ಆಗುತ್ತಿರುವುದು ಇದೇ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ, ಆಗ ಕೆಲಸ ಮಾಡುತ್ತಿದ್ದ ಕಂಪನಿಯ ಸಿಎಸ್‌ಆರ್ ತಂಡವನ್ನು ನಮ್ಮೂರ ಶಾಲೆಗೆ ಕರೆದುಕೊಂಡು ಹೋದವನು ನಾನೇ. ಜೂನ್ 5, ವಿಶ್ವ ಪರಿಸರ ದಿನ. ಬೆಂಗಳೂರಿಂದ ಒಂದು ಬಸ್ ತುಂಬ ಜನ, ಹಸಿರು ಟೀ ಶರ್ಟು, ಟೋಪಿ, ಬ್ಯಾನರು. ನಮ್ಮ ಕ್ಯಾಂಪಸ್ಸಿನ ಲಾನು ನೋಡಿಕೊಳ್ಳುವ ಲ್ಯಾಂಡ್‌ಸ್ಕೇಪಿಂಗ್ ಕಂಪನಿಯವರು ಸಮಾಜಕ್ಕೆ ತಮ್ಮ ಕೊಡುಗೆ ಅಂತ ಇನ್ನೂರು ಸಸಿ ಪುಕ್ಕಟೆ ಕೊಟ್ಟಿದ್ದರು. ಎರಡು ತಾಸಿನಲ್ಲಿ ನೆಟ್ಟು ಮುಗಿಸಿದೆವು. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ಗಿಡ ಹಚ್ಚಿದ್ದು ಚಲೋ ಆತು ತಮ್ಮಾ. ನೀರು ಹಾಕೋರು ಯಾರು?"

"ಹುಡುಗ್ರು ಹಾಕ್ತಾರ ಬಿಡಕ್ಕಾ" ಅಂದು ಬಸ್ ಹತ್ತಿದೆ. ರಾತ್ರಿ ಲಿಂಕ್ಡ್‌ಇನ್‌ಗೆ ಫೋಟೋ ಹಾಕಿದೆ. ಲೈಕುಗಳ ಮಳೆ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಉಳಿದಿದ್ದು ಮೂರು ಗಿಡ. ಮೂರೂ ಮಕ್ಕಳು ಊಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರದವು. ಮಿಕ್ಕಿದ್ದನ್ನು ಬಿಸಿಲು ಮತ್ತು ಆಡುಗಳು ಹಂಚಿಕೊಂಡಿದ್ದವು. ಕಂಪನಿಯ ವರದಿಯಲ್ಲಿ ಮಾತ್ರ ಇನ್ನೂರೂ ಬದುಕಿವೆ.

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಸೀಮೆ ನಮ್ಮದು. ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಸಿಂಧನೂರಿನ ಭತ್ತದ ಗದ್ದೆ ನೋಡಿ ಹಸಿರು ನಾಡು ಅಂದ್ಕೋಬೇಡಿ. ಆ ಹಸಿರು ತುಂಗಭದ್ರಾ ಎಡದಂಡೆ ಕಾಲುವೆಯದು, ಅದೂ ಕಾಲುವೆಗೆ ನೀರು ಬಿಟ್ಟಾಗಿನದು. ಅಲ್ಲಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೊರಟರೆ ಮಳೆ ನಂಬಿದ ಹೊಲಗಳು, ಕಲ್ಲುಗುಡ್ಡಗಳು. ಜೂನ್ 5ಕ್ಕೆ ಇಲ್ಲಿ ಮುಂಗಾರು ಇನ್ನೂ ಸರಿಯಾಗಿ ಕೂತಿರುವುದಿಲ್ಲ. ನಮ್ಮ ದೊಡ್ಡ ಮಳೆ ಸೆಪ್ಟೆಂಬರಿನದು. ಆ ತಾರೀಖು ಕ್ಯಾಲೆಂಡರಿಗೆ ಒಪ್ಪುತ್ತದೆ, ಗಿಡಕ್ಕಲ್ಲ.

ನಾವು ಸಾಫ್ಟ್‌ವೇರ್‌ನವರು. ಕೋಡನ್ನು ಪ್ರೊಡಕ್ಷನ್‌ಗೆ ಬಿಟ್ಟು, ಸಪೋರ್ಟಿಗೆ ಯಾರನ್ನೂ ಇಡದೆ ಮನೆಗೆ ಹೋದರೆ ಕ್ಲೈಂಟ್ ಸುಮ್ಮನಿರ್ತಾನಾ? ಕ್ಯಾಂಪಸ್ಸಿನ ಲಾನಿಗೆ ಎಎಂಸಿ ಇದೆ, ಮಾಲಿ ಇದ್ದಾನೆ, ಸ್ಪ್ರಿಂಕ್ಲರ್ ಇದೆ. ಒಂದು ಮೂಲೆ ಒಣಗಿದರೆ ಫೆಸಿಲಿಟೀಸ್‌ಗೆ ಟಿಕೆಟ್ ಹೋಗುತ್ತದೆ. ಅದೇ ಗುತ್ತಿಗೆದಾರ ಊರಿಗೆ ಸಸಿ ಕೊಟ್ಟಾಗ ಎಎಂಸಿ ಇಲ್ಲ. ಗಿಡ ನೋಡಿಕೊಳ್ಳುವುದೇ ಅವರ ಕಸುಬು. ಸಮಾಜಕ್ಕೆ ಕೊಡುವುದಿದ್ದರೆ ಆ ಕಸುಬನ್ನು ಕೊಡಬೇಕಿತ್ತು. ಕೊಟ್ಟಿದ್ದು ನರ್ಸರಿಯ ಸಸಿ ಮಾತ್ರ.

ನಮ್ಮ ಬ್ಯಾನರಿನಲ್ಲಿ ಸಾಲುಮರದ ತಿಮ್ಮಕ್ಕನ ಚಿತ್ರ ಬೇರೆ. ಹುಲಿಕಲ್–ಕುದೂರು ರಸ್ತೆಯ ಆ ಆಲದ ಮರಗಳು ಒಂದು ದಿನ ಗುಂಡಿ ತೋಡಿದ್ದಕ್ಕೆ ಬೆಳೆದವಲ್ಲ. ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳು ಕಟ್ಟಿದರು. ಅವರ ಚಿತ್ರ ಹಾಕಿಕೊಂಡ ನಾವು ಒಂದು ಕೊಡ ನೀರಿನ ಏರ್ಪಾಡನ್ನೂ ಮಾಡಿರಲಿಲ್ಲ.

"ಏನೂ ಮಾಡದೆ ಇರೋದಕ್ಕಿಂತ ಇದು ವಾಸಿ ಅಲ್ವಾ?" ಅಂತ ಗೆಳೆಯರು ಕೇಳ್ತಾರೆ. ಅಲ್ಲ. ನೆಟ್ಟ ಗಿಡ ಸತ್ತರೆ ಊರಿನವರಿಗೆ ಗಿಡ ನೆಡುವುದರ ಮೇಲಿನ ನಂಬಿಕೆಯೇ ಹೋಗುತ್ತದೆ. ಆ ಬಸ್ ಬಾಡಿಗೆ, ಹೋಟೆಲು, ಟೀ ಶರ್ಟಿನ ದುಡ್ಡಿನಲ್ಲಿ ಊರಿನ ಒಬ್ಬರಿಗೆ ಒಂದು ಬೇಸಿಗೆ ಪೂರ್ತಿ ನೀರು ಹಾಕುವ ಕೂಲಿ ಕೊಡಬಹುದಿತ್ತು.

"ಸಿಎಸ್‌ಆರ್ ದುಡ್ಡು ಆಯಾ ವರ್ಷವೇ ಖರ್ಚಾಗಬೇಕಲ್ಲ" ಅನ್ನೋರೂ ಇದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ಅದರ ವ್ಯಾಪ್ತಿಗೆ ಬರುವ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು, ನಿಜ. ಆದರೆ 2021ರ ತಿದ್ದುಪಡಿಯ ನಂತರ ಚಾಲ್ತಿ ಯೋಜನೆ ಎಂದು ತೋರಿಸಿ, ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಮುಂದಿನ 3 ವರ್ಷಗಳವರೆಗೆ ಬಳಸಬಹುದು. ಒಂದು ಬೇವಿನ ಗಿಡ ಬೇರು ಹಿಡಿಯಲು ಅಷ್ಟು ಸಾಕು. ಕಾನೂನು ಅಡ್ಡ ಬಂದಿಲ್ಲ. ಅಡ್ಡ ಬಂದಿರೋದು ನಮ್ಮ ಅವಸರ.

ಅದೇ ಕಾನೂನು ಕಂಪನಿ ಇರುವ ಜಾಗಕ್ಕೆ ಆದ್ಯತೆ ಕೊಡಿ ಅನ್ನುತ್ತದೆ. ಹಾಗಾಗಿ ದುಡ್ಡು ಬೆಂಗಳೂರಲ್ಲೇ ಸುತ್ತುತ್ತದೆ. ಆ ಗಾಜಿನ ಕಟ್ಟಡಗಳಿಗೆ ಕಲ್ಲು, ಮರಳು ಹೊತ್ತವರಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಗುಳೆ ಹೋದವರೂ ಇದ್ದಾರೆ. ಅವರ ಊರಿಗೆ ಕೊಡುವುದು ದಾನವಲ್ಲ, ಬಾಕಿ ತೀರಿಸುವುದು. ಬಾಕಿ ತೀರಿಸುವಾಗ ಸತ್ತ ಸಸಿ ಕೊಡಬಾರದು.

ಹೊಸ ಉಪಾಯ ಹುಡುಕುವುದೂ ಬೇಕಿಲ್ಲ. ನಮ್ಮ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೋಡಿ. ರೈತ ಸಸಿ ಒಯ್ದು ಹೊಲದಲ್ಲಿ ನೆಡಬೇಕು. ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷದ ಕೊನೆಗೆ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಒಟ್ಟು 125. ನೆಟ್ಟಿದ್ದಕ್ಕೆ ಪ್ರೋತ್ಸಾಹಧನ ಇಲ್ಲ, ಉಳಿಸಿದ್ದಕ್ಕೆ ಇದೆ. ಬಡ ರೈತನಿಗೆ ಹಾಕುವ ಈ ಷರತ್ತನ್ನು ಕೋಟಿಗಟ್ಟಲೆ ಲಾಭದ ಕಂಪನಿಗೆ ಯಾಕೆ ಹಾಕಬಾರದು?

ಕೈ ಜೋಡಿಸಲು ಸ್ಥಳೀಯರೂ ಇದ್ದಾರೆ. ಸಿಂಧನೂರಿನಲ್ಲಿ ಅಮರೇಗೌಡ ಮಲ್ಲಾಪುರ ಅವರ ವನಸಿರಿ ಫೌಂಡೇಶನ್ ವರ್ಷಗಳಿಂದ ಗಿಡ ಮರಗಳ ಕೆಲಸದಲ್ಲಿದೆ. ಅಂಥವರನ್ನು ಮೊದಲು ಕೇಳಿ, ಬಸ್ ಆಮೇಲೆ ಬುಕ್ ಮಾಡಿ. ಬೇವು, ಹೊಂಗೆ, ಹುಣಸೆ, ನೇರಳೆ ನೆಡಿ. ಇನ್ನೂರು ಬೇಡ, ಇಪ್ಪತ್ತು ಸಾಕು. ನೀರು ಹಾಕುವವರಿಗೆ ತಿಂಗಳು ತಿಂಗಳು ಕೂಲಿ ಕೊಡಿ. ಬ್ಯಾನರನ್ನು ಮೂರನೇ ವರ್ಷ ಕಟ್ಟಿ, ಆಗ ಎಷ್ಟು ಉಳಿದಿವೆಯೋ ಅಷ್ಟನ್ನೇ ಬರೆಯಿರಿ.

ಬರುವ ಜೂನಿಗೆ ನಿಮ್ಮ ಇನ್‌ಬಾಕ್ಸಿಗೂ ವಾಲಂಟಿಯರ್ ಮೇಲ್ ಬರುತ್ತದೆ. ಹೆಸರು ಕೊಡುವ ಮೊದಲು, ಎಲ್ಲರಿಗೂ ಕಾಣುವ ಹಾಗೆ ರಿಪ್ಲೈ ಆಲ್ ಒತ್ತಿ, ನಮ್ಮೂರ ಅಕ್ಕ ಕೇಳಿದ್ದನ್ನೇ ಕೇಳಿ: ನೀರು ಹಾಕೋರು ಯಾರು? ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು, ತಿಂಗಳ ಕೂಲಿ ಇಲ್ಲದಿದ್ದರೆ ಹೋಗಬೇಡಿ. ನಾನಂತೂ ಹೋಗಲ್ಲ.