ಗಿಡಕ್ಕೆ ಬಾಯಾರಿಕೆ ಅಂದಿದ್ದು ನಾನೇ

‘ಮಗಾ, ಇನ್ನೂ 40 ಗಿಡ ಹೋಯ್ತು.’

ಭಾನುವಾರ ಬೆಳಿಗ್ಗೆ ಬಂದ ಮೆಸೇಜು. ನನ್ನ ಹಳೇ ಟೀಮಿನ ಗೆಳೆಯ ಕೆಲಸ ಬಿಟ್ಟು ಚಿಕ್ಕಬಳ್ಳಾಪುರದ ಹತ್ತಿರ ಅರ್ಧ ಎಕರೆ ಸ್ಟ್ರಾಬೆರಿ ಹಾಕಿದ್ದಾನೆ. ಅವನ ಪಿಎಫ್ ದುಡ್ಡೆಲ್ಲ ಆ ಮಲ್ಚಿಂಗ್ ಶೀಟಿನ ಕೆಳಗಿದೆ.

ಗಿಡ ಬಾಡ್ತಿದೆ ಅಂತ ವಾರದ ಹಿಂದೆ ಅವನು ಫೋಟೊ ಕಳಿಸಿದ್ದ. ನಾನು ಒಂದು ಆ್ಯಪ್‌ಗೆ ಹಾಕಿದೆ. ‘ನೀರಿನ ಕೊರತೆ’ ಅಂತು. ಡ್ರಿಪ್ ಸಾಲಲ್ಲ, ಸ್ಪ್ರಿಂಕ್ಲರ್ ಓಡಿಸು ಅಂದೆ. ಓಡಿಸಿದ.

ತೋಟಕ್ಕೆ ಹೋದಾಗ ಅವನ ಅತ್ತಿಗೆ ಬಂದಿದ್ದರು, ಸಸ್ಯರೋಗಶಾಸ್ತ್ರ ಓದಿದವರು. ಅವರು ಎಲೆ ಕಡೆ ಹೆಚ್ಚು ನೋಡಲೇ ಇಲ್ಲ. ಗಿಡ ಕಿತ್ತು, ಬೇರಿನ ಮೇಲಿನ ದಪ್ಪ ಬುಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರು. ಬೆಳ್ಳಗಿರಬೇಕಾದ ಕಡೆ ಕೆಂಪು-ಕಂದು ಗೆರೆ.

‘ಬರೀ ನೀರು ಸಾಲದಿದ್ರೆ ಒಳಗೆ ಹೀಗಾಗಲ್ಲ’ ಅಂದರು. ಆದರೆ ರೋಗದ ಹೆಸರು ಹೇಳಲಿಲ್ಲ. ಫ್ಯುಸೇರಿಯಂ, ವರ್ಟಿಸಿಲಿಯಂ, ಮ್ಯಾಕ್ರೊಫೊಮಿನಾ, ಕೊಲೆಟೊಟ್ರೈಕಂ, ಯಾವ ಶಿಲೀಂಧ್ರ ಹೊಕ್ಕರೂ ಮೇಲೆ ಕಾಣೋದು ಸೊರಗಿದ ಗಿಡವೇ. ನಾಲ್ಕು ಬಗ್‌ಗೂ ಒಂದೇ ಎರರ್ ಮೆಸೇಜ್! ಔಷಧಿ ಮಾತ್ರ ಒಂದೇ ಅಲ್ಲ.

ಸ್ಯಾಂಪಲ್ ತೆಗೆಯೋದೂ ನನಗೆ ಹೊಸ ಪಾಠ. ಪೂರ್ತಿ ಸತ್ತ ಗಿಡ ಬೇಡ, ಅದರಲ್ಲಿ ಆಮೇಲೆ ಬಂದು ಸೇರಿಕೊಂಡ ಬೂಷ್ಟುಗಳೇ ತುಂಬಿರುತ್ತವಂತೆ. ಈಗಷ್ಟೇ ಬಾಡ್ತಿರೋದು ಬೇಕು, ಬೇರಿನ ಸಮೇತ, ಔಷಧಿ ಹೊಡೆಯೋ ಮುಂಚೆ. ಲ್ಯಾಬಿನಲ್ಲಿ ರೋಗ ಬಂದ ಭಾಗ, ಚೆನ್ನಾಗಿರೋ ಭಾಗ ಸೇರುವ ಗಡಿಯಿಂದ ಚೂರು ಕತ್ತರಿಸಿ, ಬ್ಲೀಚ್ ನೀರಲ್ಲಿ ಅದ್ದಿ ತೊಳೆದು, ಆಲೂಗಡ್ಡೆ ಸಾರ ಹಾಕಿದ ಅಗರ್ ಮೇಲಿಟ್ಟರು. (ಹೌದು, ನಮ್ಮ ಪಲ್ಯದ ಆಲೂಗಡ್ಡೆಯೇ.)

ವಾರದಲ್ಲಿ ತಟ್ಟೆ ತುಂಬ ಬೂದು ಬಣ್ಣದ ಬೂಷ್ಟು. ಮೈಕ್ರೋಸ್ಕೋಪಿನಲ್ಲಿ ನಾನೂ ಇಣುಕಿದೆ. ಫ್ಯುಸೇರಿಯಂ ಆಗಿದ್ದರೆ ಬಾಳೆಹಣ್ಣಿನಂತೆ ಬಾಗಿದ ಸ್ಪೋರ್‌ಗಳು ಕಾಣ್ತಿದ್ವು. ಮ್ಯಾಕ್ರೊಫೊಮಿನಾ ಆಗಿದ್ದರೆ ಇದ್ದಿಲ ಪುಡಿಯಂಥ ಕಪ್ಪು ಚುಕ್ಕಿಗಳು. ಇಲ್ಲಿದ್ದವು ನೆಟ್ಟಗಿನ, ತುದಿ ದುಂಡಗಿನ ಕ್ಯಾಪ್ಸೂಲ್‌ಗಳು. ಕೊಲೆಟೊಟ್ರೈಕಂ. ಮಾವಿಗೆ ಚಿಬ್ಬು ರೋಗ ತರುವ ಅದೇ ಕುಲ. ಅದರಲ್ಲಿ ಯಾವ ಪ್ರಭೇದ ಅನ್ನೋದಕ್ಕೆ ಡಿಎನ್‌ಎ ಪರೀಕ್ಷೆಯೇ ಆಗಬೇಕು.

‘ಸಸಿ ಜೊತೆಗೇ ಬಂದಿರಬಹುದು, ಮೊದಮೊದಲು ಏನೂ ಕಾಣಿಸಲ್ಲ’ ಅಂದರು ಅತ್ತಿಗೆ. ‘ಆಮೇಲೆ ನೀರಿನ ಹನಿ ಸಿಡಿದಲ್ಲೆಲ್ಲ ಹರಡುತ್ತೆ.’

ಗೆಳೆಯ ನನ್ನ ಕಡೆ ನೋಡಲಿಲ್ಲ.

ಸ್ಪ್ರಿಂಕ್ಲರ್ ನಿಂತಿದೆ. ಬಾಡಿದ ಸಾಲುಗಳನ್ನು ಕಿತ್ತು ತೋಟದಿಂದಾಚೆ ಹಾಕಿದ್ದಾಯ್ತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿದೆ. ನಾನಿನ್ನೂ ಅವನ ಹತ್ತಿರ ಸಾರಿ ಕೇಳಿಲ್ಲ. ಈ ಅಂಕಣ ಅವನು ಓದ್ತಾನೆ, ಗೊತ್ತು.