ಇಲ್ಲದ ಜಾತಿಗೆ ಇಷ್ಟೊಂದು ಕಾವಲೇಕೆ?

ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರು ಜಾತಿಭೇದವನ್ನು ಹೆಸರಿಟ್ಟು ನಿಷೇಧಿಸುವ ಮಸೂದೆಗೆ 2023ರ ಅಕ್ಟೋಬರ್ 7ರಂದು ಅಂಕಿತ ನಿರಾಕರಿಸಿದ್ದನ್ನು ಮಹಾಯುದ್ಧವೊಂದನ್ನು ಗೆದ್ದವರಂತೆ ಸಂಭ್ರಮಿಸಿದ ನಮ್ಮ ಅನಿವಾಸಿ ಮಹನೀಯರು, ರಜೆಗೆಂದು ಊರಿಗೆ ಬಂದಾಗ ಗುರುವಾಯನಕೆರೆಯ ಪೇಟೆಯಲ್ಲಿ ಚಾ ಹೀರುತ್ತ, "ಅಮೆರಿಕದಲ್ಲಿ ಜಾತಿ ಎಲ್ಲುಂಟು ಮಾರಾಯ್ರೆ? ಅದೆಲ್ಲ ಹಿಂದೂಗಳ ಮಾನ ಕಳೆಯುವವರ ಕಿತಾಪತಿ" ಎಂದು ಅಪ್ಪಣೆ ಕೊಡಿಸುವುದೂ, ಡಾಲರಿನ ಮೇಲಣ ಗೌರವದಿಂದ ಸುತ್ತಲಿನವರು ತಲೆದೂಗುವುದೂ ಈಚೆಗೆ ಒಂದು ವಾಡಿಕೆಯಾಗಿಬಿಟ್ಟಿದೆ. ಎರಡೂ ಸದನಗಳಲ್ಲಿ ಭಾರೀ ಬಹುಮತದಿಂದ ಅಂಗೀಕೃತವಾಗಿದ್ದ ಆ ಮಸೂದೆ ಯಾರನ್ನೂ ಸೆರೆಮನೆಗೆ ಅಟ್ಟುವಂಥದಾಗಿರಲಿಲ್ಲ. ವಂಶ, ವರ್ಣ, ಧರ್ಮಗಳ ಕಾರಣದಿಂದ ಉದ್ಯೋಗದಲ್ಲಾಗಲಿ ವಸತಿಯಲ್ಲಾಗಲಿ ಪಕ್ಷಪಾತ ಕೂಡದೆಂಬ ಹಳೆಯ ನಿಯಮದೊಳಗೆ ಜಾತಿಯೂ ಅಡಕವಾಗಿದೆಯೆಂದು ಸ್ಪಷ್ಟಪಡಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಹಾವೇ ಇಲ್ಲದ ಹುತ್ತಕ್ಕೆ ಯಾರೋ ಬೇಲಿ ಕಟ್ಟಹೊರಟರೆ ಊರಿಗೆ ಊರೇ ಎದ್ದು ಅದನ್ನು ಕೀಳಹೋಗುವುದೇಕೆ?

ಇರುವ ಕಾಯಿದೆಗಳೇ ಸಾಕು, ಹೊಸದು ಅನಾವಶ್ಯಕ ಎಂಬುದು ಗವರ್ನರರು ಕೊಟ್ಟ ಕಾರಣ. ಈ ಮಾತನ್ನು ಆ ದೇಶದವರು ಆಡಿದರೆ ಅಜ್ಞಾನವೆಂದು ಕ್ಷಮಿಸಬಹುದು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ನೀರು ಕುಡಿದು ಹೋದವರು ಆಡಿದರೆ ಅದು ಜಾಣಮರೆವಲ್ಲದೆ ಮತ್ತೇನೂ ಅಲ್ಲ. ಸಂವಿಧಾನದ 17ನೆಯ ಅನುಚ್ಛೇದ 1950ರಲ್ಲಿಯೇ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದರ ಬೆನ್ನಿಗೊಂದು ಕಾಯಿದೆ ಬಂದಿತು. 1989ರಲ್ಲಿ ದೌರ್ಜನ್ಯ ತಡೆಯುವ ಇನ್ನೊಂದು ಬಂದಿತು. ಇಷ್ಟೆಲ್ಲ ಇದ್ದೂ 2000ದಲ್ಲಿ ಕರ್ನಾಟಕದ ಶಾಸನಸಭೆಯು ಕರಾವಳಿಯ ಬುಡಕಟ್ಟಿನವರಾದ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವುದಕ್ಕೆಂದೇ ಪ್ರತ್ಯೇಕವಾದೊಂದು ಅಧಿನಿಯಮವನ್ನು ರಚಿಸಬೇಕಾಯಿತಲ್ಲ, ಅದು ಯಾವ ದೂರದೇಶದ ಅನಾಚಾರಕ್ಕಾಗಿ? ಅನ್ನದಲ್ಲಿ ಕೂದಲು, ಉಗುರು ಮೊದಲಾದ ಅಭಕ್ಷ್ಯಗಳನ್ನು ಕಲಸಿ ಕೊರಗನಿಗೆ ಉಣಿಸುವುದು, ಕಂಬಳದ ಪ್ರಾರಂಭಕ್ಕೆ ಮೊದಲು ಅವನನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವುದು, ಕೂಲಿಯನ್ನೇ ಕೊಡದೆ ಅಥವಾ ಇತರರಿಗಿಂತ ಕಡಿಮೆ ಕೊಟ್ಟು ದುಡಿಸುವುದು: ಇವೆಲ್ಲ ಪುರಾಣಕಾಲದ ವೃತ್ತಾಂತಗಳಲ್ಲ, ಆ ಶಾಸನದ ವ್ಯಾಖ್ಯೆಯಲ್ಲಿ ತಣ್ಣಗೆ ದಾಖಲಾಗಿರುವ ನಮ್ಮ ಜಿಲ್ಲೆಯ ಆಚಾರಗಳು. ಉಣಿಸಿದವರ ಮನೆಯ ರೋಗವೂ ಅನಿಷ್ಟವೂ ಉಂಡವನ ಮೈಗೆ ದಾಟಿಹೋಗುವುವೆಂಬ ಭಕ್ತಿಪೂರ್ವಕವಾದ ನಂಬಿಕೆ ಅದರ ಹಿಂದೆ ಇತ್ತು. ಸಾಮಾನ್ಯವಾದ ಕಾಯಿದೆ ಇದ್ದರೂ ಹೆಸರಿಡದ ಅನ್ಯಾಯ ಅದರ ಕೈಗೆ ಸಿಕ್ಕುವುದಿಲ್ಲವೆಂಬುದನ್ನು ಈ ಮಣ್ಣು ಅರ್ಧ ಶತಮಾನದ ಅನುಭವದಿಂದ ಕಲಿತಿದೆ. ಕ್ಯಾಲಿಫೋರ್ನಿಯಾಕ್ಕೆ ಪಾಠ ಹೇಳಬೇಕಾಗಿದ್ದವರೇ ಅಲ್ಲಿ ಹೋಗಿ ಪಾಠವನ್ನು ಅಳಿಸಿ ಬಂದರು.

ಜಾತಿಯನ್ನು ತಾವು ಎಂದೂ ಕಂಡಿಲ್ಲವೆಂದು ಸಾಕ್ಷಿ ನುಡಿಯುವವರು ಯಾರೆಂಬುದನ್ನಾದರೂ ಕೇಳೋಣ. ಕಾರ್ನೆಗಿ ಸಂಸ್ಥೆ 2020ರಲ್ಲಿ ಭಾರತೀಯ ಅಮೆರಿಕನ್ನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ, ತಮಗೊಂದು ಜಾತಿಯುಂಟೆಂದು ಒಪ್ಪಿಕೊಂಡ ಹಿಂದೂಗಳ ಪೈಕಿ ಹತ್ತರಲ್ಲಿ ಎಂಟಕ್ಕೂ ಮಿಕ್ಕವರು ಮೇಲ್ಜಾತಿಯವರು. ಹತ್ತರಲ್ಲಿ ಎಂಟು! ಜಾತಿಯ ಏಟು ತಿನ್ನುವ ಪ್ರಸಂಗವೇ ಒದಗದ ಈ ಎಂಟು ಮಂದಿ ಎದ್ದು ನಿಂತು ಏಟೇ ಇಲ್ಲವೆಂದು ಪ್ರಮಾಣ ಮಾಡುವುದನ್ನು ಒಂದು ರಾಜ್ಯದ ಸರ್ಕಾರ ಪುರಾವೆಯಾಗಿ ಸ್ವೀಕರಿಸಬೇಕಂತೆ. ಇನ್ನು ವೀರಶೈವ ಸಮಾಜ ಆಫ್ ನಾರ್ತ್ ಅಮೆರಿಕ, ಒಕ್ಕಲಿಗ ಪರಿಷತ್ ಆಫ್ ಅಮೆರಿಕ, ಹವ್ಯಕ ಅಸೋಸಿಯೇಷನ್ ಆಫ್ ದಿ ಅಮೆರಿಕಾಸ್ ಎಂಬ ಸಂಸ್ಥೆಗಳು ಯಾವ ಗ್ರಹದಲ್ಲಿ ನೋಂದಣಿಯಾಗಿವೆಯೋ ತಿಳಿಯದು. ಅವು ಇರಬಾರದೆಂದಲ್ಲ, ಹಬ್ಬಕ್ಕೆ ಒಂದೆಡೆ ಸೇರಿ ಊರಿನ ಅಡುಗೆ ಉಂಡರೆ ಯಾರೂ ಆಕ್ಷೇಪಿಸರು; ಆದರೆ ಶನಿವಾರ ಸ್ವಜಾತಿಯ ಸಮ್ಮೇಳನಕ್ಕೆ ಚಂದಾ ಎತ್ತಿದವರು ಸೋಮವಾರ ರಾಜಧಾನಿ ಸಾಕ್ರಮೆಂಟೋದಲ್ಲಿ ಜಾತಿಯೆಂಬುದು ಬ್ರಿಟಿಷರ ಕಲ್ಪನೆಯೆಂದು ಉಪನ್ಯಾಸ ಕೊಡುವ ವಿಚಿತ್ರವನ್ನು ಮಾತ್ರ ಸಹಿಸುವುದು ಕಷ್ಟ.

ಆ ದೇಶಕ್ಕೆ ಜಾತಿಯನ್ನು ಪರಿಚಯಿಸಿದ್ದು ಯಾವ ದ್ವೇಷಿಗಳೂ ಅಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರು ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಪೌರತ್ವಕ್ಕಾಗಿ ವಾದಿಸಿದಾಗ, ತಾನು ಉಚ್ಚಕುಲದ ಆರ್ಯನಾದುದರಿಂದ ಬಿಳಿಯನೇ ಸರಿಯೆಂದೂ, ವಿವಾಹಸಂಬಂಧದ ವಿಷಯದಲ್ಲಿ ಅಮೆರಿಕನ್ನರು ಕರಿಯರನ್ನು ಹೇಗೆ ನೋಡುವರೋ ಉಚ್ಚಜಾತಿಯ ಹಿಂದೂ ತನ್ನ ದೇಶದ ಮೂಲನಿವಾಸಿಯನ್ನು ಹಾಗೆಯೇ ನೋಡುತ್ತಾನೆಂದೂ ಅವರ ಪರವಾಗಿ ಲಿಖಿತವಾಗಿಯೇ ನಿವೇದಿಸಲಾಗಿತ್ತು. ನ್ಯಾಯಾಲಯ ಒಕ್ಕೊರಲಿನಿಂದ ಅದನ್ನು ತಳ್ಳಿಹಾಕಿತು. ಬಿಳಿಯರ ಬಾಗಿಲು ಉಚ್ಚಕುಲಕ್ಕೂ ತೆರೆಯಲಿಲ್ಲ. ಅದು ಅಗಲವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ, ಅದಕ್ಕೆ ಹಿಂದಿನ ವರ್ಷವಷ್ಟೇ ನಾಗರಿಕ ಹಕ್ಕುಗಳ ಕಾಯಿದೆಯನ್ನು ರಕ್ತ ಸುರಿಸಿ ಗಳಿಸಿದ್ದ ಅದೇ ಕರಿಯರ ಚಳವಳಿಯ ಬೆನ್ನಿಗೆ. ಆ ದಾರಿಯಲ್ಲಿ ವಿಮಾನವೇರಿ ಇಳಿದವರ ಮಕ್ಕಳು ಇಂದು, ಇನ್ನಷ್ಟು ಸಮಾನತೆ ಬೇಡ, ಇಷ್ಟೇ ಸಾಕು, ಎನ್ನುತ್ತಿದ್ದಾರೆ.

ಅಷ್ಟು ದೂರ ಹೋಗುವುದೇಕೆ? ಮಾರ್ಬಲ್ ಹಾಸಿ, ಗೇಟಿಗೆ ಬೀಗ ಜಡಿದು, ಒಳಗೆ ಎಂಬತ್ತು ದಾಟಿದ ತಂದೆತಾಯಿಗಳನ್ನು ಇರಿಸಿ ಹೋದ ಮನೆಗಳು ಈ ರಸ್ತೆಗಳುದ್ದಕ್ಕೂ ಇವೆ. ಅಮ್ಮನನ್ನು ನೋಡಿಕೊಳ್ಳಲು ಜನ ಬೇಕೆಂದು ಅಲ್ಲಿಂದ ಫೋನು ಬರುತ್ತದೆ. ಕೆಲಸ ಗೊತ್ತೇ, ನಂಬಿಗಸ್ತಳೇ ಎಂದು ಕೇಳುವುದಕ್ಕೆ ಮೊದಲೇ, ದನಿಯನ್ನು ಸ್ವಲ್ಪ ತಗ್ಗಿಸಿ, "ಯಾರು ಅವರು, ನಮ್ಮವರೆಯಾ?" ಎಂಬ ಪ್ರಶ್ನೆ ಬರುತ್ತದೆ. ಅಡಿಕೆ ಸುಲಿಯಲು ಬಂದವನು ಚಾ ಕುಡಿದು, ತಾನೇ ತೊಳೆದು, ಬಚ್ಚಲ ಬದಿಯ ಕಲ್ಲಿನ ಮೇಲೆ ಕವುಚಿಟ್ಟು ಹೋಗುವ ಒಂಟಿ ಲೋಟ ಅದೇ ಮನೆಗಳ ಹಿತ್ತಿಲಿನಲ್ಲಿದೆ. ಒಳಗಿನ ಲೋಟಗಳೊಡನೆ ಅದು ಎಂದೂ ಕೂಡುವುದಿಲ್ಲ. ಮಗನಿಗೆ ಹೆಣ್ಣು ಹುಡುಕುವ ಜಾಹೀರಾತಿನಲ್ಲಿ ಗ್ರೀನ್ ಕಾರ್ಡ್ ಮೊದಲು, ಬೆನ್ನಿಗೇ ಸ್ವಜಾತಿ, ಗೋತ್ರ, ಬಳಿ. ಇಷ್ಟೆಲ್ಲವನ್ನೂ ಹೊತ್ತ ಮನಸ್ಸು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಲೇ ಕಸ್ಟಮ್ಸಿನವರ ಕೈಗೆ ಅದನ್ನು ಒಪ್ಪಿಸಿಬಿಡುತ್ತದೆಯೆಂದು ನಾವು ನಂಬಬೇಕು.

ಕ್ಯಾಲಿಫೋರ್ನಿಯಾದ ಸಿಸ್ಕೋ ಕಂಪನಿಯಲ್ಲಿ ದಲಿತ ಇಂಜಿನಿಯರೊಬ್ಬರಿಗೆ ಭೇದಭಾವವಾಯಿತೆಂದು 2020ರಲ್ಲಿ ಅಲ್ಲಿಯ ಸರ್ಕಾರ ಹೂಡಿದ ದಾವೆಯಿಂದ ಇಬ್ಬರು ಮೇಲಧಿಕಾರಿಗಳನ್ನು 2023ರಲ್ಲಿ ಕೈಬಿಟ್ಟಾಗ ಡಂಗುರ ಸಾರಿದವರು, ಕಂಪನಿಯ ಮೇಲಣ ದಾವೆ ಮುಂದುವರಿಯಿತೆಂಬುದನ್ನು ಸಾರಲು ಮರೆತರು. ಸಿಯಾಟಲ್ ನಗರ ಅದೇ ವರ್ಷದ ಫೆಬ್ರವರಿಯಲ್ಲಿಯೂ ಫ್ರೆಸ್ನೋ ಸೆಪ್ಟೆಂಬರಿನಲ್ಲಿಯೂ ಜಾತಿಭೇದವನ್ನು ನಿಷೇಧಿಸಿದುವು. ಅಲ್ಲಿಯ ಹಿಂದೂಗಳಿಗೆ ಆಕಾಶವೇನೂ ಕಳಚಿಬಿದ್ದಿಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯರ ಮಕ್ಕಳಿಗೆಂದು ಶಾಲೆ ತೆರೆಯುವ ಮೊದಲು ಯಾವ ಸಮೀಕ್ಷೆಗೂ ಕಾಯಲಿಲ್ಲ, ಸ್ವಜಾತಿಯವರ ಬಹಿಷ್ಕಾರಕ್ಕೂ ಬೆದರಲಿಲ್ಲ. ಅವರ ಜಿಲ್ಲೆಯಿಂದಲೇ ಹೋದವರು, ಅಮೆರಿಕದ ಕನ್ನಡಕೂಟಗಳ ಮುಂದಿನ ಅಕ್ಕ ಸಮ್ಮೇಳನದ ವೇದಿಕೆಯಲ್ಲಿ, ನಮ್ಮ ಸಂಘಗಳ ವಧೂವರಾನ್ವೇಷಣೆಯಲ್ಲಿ ಜಾತಿಯನ್ನು ಕೇಳತಕ್ಕದ್ದಲ್ಲವೆಂಬ ಒಂದೇ ಒಂದು ನಿರ್ಣಯವನ್ನು ಮಂಡಿಸಲಿ. ಅದಕ್ಕೆ ಅನುಮೋದಕರು ದೊರೆತ ಮೇಲೆ ಅಮೆರಿಕದಲ್ಲಿ ಜಾತಿ ಎಲ್ಲುಂಟೆಂದು ನಮ್ಮನ್ನು ಕೇಳಲಿ.