ಸ್ಕ್ರೂ ಮುಟ್ಟುವ ಮೊದಲು

ಲೋಡು ಹೇರಿಕೊಂಡು ಏರು ಹತ್ತುವಾಗ ತಕರಾರಿಲ್ಲ. ತೋಟದ ಗೇಟು ತೆಗೆಯಲೆಂದು ನಿಲ್ಲಿಸಿ ಆಕ್ಸಿಲೇಟರಿನಿಂದ ಕಾಲು ತೆಗೆದ ಕೂಡಲೇ ಎಂಜಿನ್ ಒಂದೆರಡು ಸಲ ಕೆಮ್ಮಿ ಆಫ್ ಆಗುತ್ತದೆ. ಮಲೆನಾಡು, ಕೊಡಗಿನ ಕಡೆ ಇನ್ನೂ ದುಡಿಯುತ್ತಿರುವ ಹಳೆಯ ಪೆಟ್ರೋಲ್ ಜೀಪುಗಳ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ಮದ್ದೂ ಸಿದ್ಧವಾಗಿಯೇ ಇರುತ್ತದೆ: ಬಾನೆಟ್ ಎತ್ತು, ಕಾರ್ಬೊರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸು, ಸ್ಲೋ, ಅಂದರೆ ಕಾಲು ತೆಗೆದಾಗ ಎಂಜಿನ್ ಓಡುವ ವೇಗ, ಏರಿಸು. ಅವತ್ತಿಗೆ ಗಾಡಿ ಆಫ್ ಆಗುವುದಿಲ್ಲ. ಕೆಲವು ದಿನ ಬಿಟ್ಟು ಇನ್ನರ್ಧ ಸುತ್ತು. ಕೊನೆಗೊಮ್ಮೆ ಸ್ಲೋ ಎಷ್ಟು ಏರಿರುತ್ತದೆಂದರೆ, ಕ್ಲಚ್ ಬಿಟ್ಟರೆ ಸಾಕು, ಗಾಡಿ ತಾನೇ ಹೊರಟುಬಿಡುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಸಿಗುವುದಿಲ್ಲ, ಪೆಟ್ರೋಲ್ ಖರ್ಚು ಏರಿರುತ್ತದೆ, ಮೂಲ ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಸ್ಲೋ ನಿಲ್ಲದ ಎಂಜಿನ್ನಿನಲ್ಲಿ ಕಾರ್ಬೊರೇಟರನ್ನು ಕೊನೆಗೆ ಬಿಚ್ಚಬೇಕು, ಮೊದಲಲ್ಲ. ಯಾಕೆ ಎಂಬುದು ತಿಳಿಯಬೇಕಾದರೆ ಸ್ಲೋದಲ್ಲಿ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಕಣ್ಣ ಮುಂದೆ ಒಂದು ಗಾಡಿ ಇರಲಿ: ವಿಲ್ಲಿಸ್ ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂದದ್ದು. ಪರವಾನಗಿ ಪಡೆದು ಮಹೀಂದ್ರ ಇಲ್ಲಿ ದಶಕಗಟ್ಟಲೆ ತಯಾರಿಸಿತು. ಅದರ 2.2 ಲೀಟರಿನ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿ. ಎತ್ತರದ ಆ ಎಂಜಿನ್ನಿಗೆ ಜಾಗ ಸಾಲದೆ ಬಾನೆಟ್ಟನ್ನೇ ಎತ್ತರಿಸಿದರು. ಈ ಜೀಪಿನ ಉಬ್ಬಿದ ಮುಖಕ್ಕೆ ಅದೇ ಕಾರಣ.

ಕಾಲು ತೆಗೆದಾಗ ಕಾರ್ಬೊರೇಟರಿನ ಥ್ರಾಟಲ್ ಬಿಲ್ಲೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಮೇಲ್ಗಡೆ ಗಾಳಿಯ ವೇಗ ಕುಗ್ಗಿ ಮೇನ್ ಜೆಟ್ಟಿನಿಂದ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಬಿಲ್ಲೆಯ ಕೆಳಗಿರುವ ಸೂಜಿಮೊನೆಯಂಥ ಒಂದು ರಂಧ್ರ ಮಾತ್ರ ಎಂಜಿನ್ನನ್ನು ಸಾಕುತ್ತದೆ. ಮಿಕ್ಸ್ಚರ್ ಸ್ಕ್ರೂ ಹಿಡಿದಿಡುವುದು ಆ ರಂಧ್ರವನ್ನೇ. ಅದೇ ಹೊತ್ತಿಗೆ ಬಿಲ್ಲೆಯ ಕೆಳಗೆ ಎಳೆತ, ಅಂದರೆ ವ್ಯಾಕ್ಯೂಮ್, ಅತಿ ಜೋರಾಗಿರುತ್ತದೆ. ಬೇರೆಲ್ಲೋ ಸಣ್ಣ ಬಿರುಕಿದ್ದರೆ ಆ ಎಳೆತ ಅಲ್ಲಿಂದಲೂ ಗಾಳಿ ತರುತ್ತದೆ, ತೂತು ಬಿದ್ದ ಕೊಳವೆಯಲ್ಲಿ ಎಳನೀರು ಹೀರಿದಂತೆ. ರಸ್ತೆಯ ವೇಗದಲ್ಲಿ ನುಗ್ಗುವ ಗಾಳಿಯ ಮುಂದೆ ಈ ಕಳ್ಳಗಾಳಿ ಲೆಕ್ಕಕ್ಕಿಲ್ಲ. ಸ್ಲೋದಲ್ಲಿ ಮಾತ್ರ ಇಡೀ ಮಿಶ್ರಣವನ್ನು ಕೆಡಿಸಲು ಅಷ್ಟೇ ಸಾಕು.

ಹಾಗಾಗಿ ಮೊದಲ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗೆ ತಳ್ಳಿರಲಿ. ಕೇಬಲ್ ತುಕ್ಕು ಹಿಡಿದು ಚೋಕ್ ಅರ್ಧ ಮುಚ್ಚಿಕೊಂಡೇ ಉಳಿಯುವುದುಂಟು. ಏರ್ ಫಿಲ್ಟರ್ ಪೈಪು ತೆಗೆದು ಕಣ್ಣಾರೆ ನೋಡುವುದು ವಾಸಿ. ಎಂಜಿನ್ ಸ್ಲೋದಲ್ಲಿ ಮುಗ್ಗರಿಸುತ್ತಿರುವಾಗ ಚೋಕ್ ಸ್ವಲ್ಪವೇ ಎಳೆಯಿರಿ. ಎಂಜಿನ್ ಸುಧಾರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಹೆಚ್ಚಾಗಿದೆ. ಇನ್ನಷ್ಟು ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲೇ ಹೆಚ್ಚು: ಫ್ಲೋಟ್ ಮಟ್ಟ ಏರಿರಬಹುದು, ನೀಡಲ್ ವಾಲ್ವ್ ಸೋರುತ್ತಿರಬಹುದು. ಹೆಚ್ಚುಕಡಿಮೆ ಆಗದೇ ಹೋದರೆ ದೋಷ ಬಹುಶಃ ಕರೆಂಟಿನದು ಅಥವಾ ವಾಲ್ವಿನದು.

ಗಾಳಿ ಸೋರುವ ಜಾಗಗಳು ಈ ಎಂಜಿನ್ನಿನಲ್ಲಿ ಕಡಿಮೆ. ಇನ್‌ಟೇಕ್ ದಾರಿ ಹೆಡ್ಡಿನೊಳಗೇ ಎರಕವಾಗಿರುವುದರಿಂದ ಬೇರೆ ಎಂಜಿನ್ನುಗಳಲ್ಲಿ ಕಾಡುವ ಮ್ಯಾನಿಫೋಲ್ಡ್ ಪ್ಯಾಕಿಂಗ್ ಇಲ್ಲಿ ಇಲ್ಲವೇ ಇಲ್ಲ. ಕಾರ್ಬೊರೇಟರಿನ ಬುಡದ ಪ್ಯಾಕಿಂಗ್ ಉಂಟು. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಇನ್‌ಟೇಕಿಗೆ ಒಯ್ಯುವ ಪುಟ್ಟ ವಾಲ್ವ್ ಉಂಟು. ಅದು ತೆರೆದುಕೊಂಡೇ ಅಂಟಿಕೊಳ್ಳುತ್ತದೆ. ವೈಪರ್ ವ್ಯಾಕ್ಯೂಮಿನಿಂದ ಓಡುವ ಗಾಡಿಗಳಲ್ಲಿ ಅದರ ರಬ್ಬರ್ ಪೈಪಂತೂ ಮೊದಲ ಅನುಮಾನಕ್ಕೆ ಅರ್ಹ. ವೈಪರ್ ಕೆಟ್ಟು ಎಷ್ಟೋ ವರ್ಷವಾಗಿರುತ್ತದೆ, ಪೈಪು ಮಾತ್ರ ಗಾಳಿ ಎಳೆಯುತ್ತಲೇ ಇರುತ್ತದೆ! ಒಂದೊಂದೇ ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಸುಕಿ ನೋಡಿ; ಎಲ್ಲಿ ಹಿಸುಕಿದಾಗ ಸದ್ದು ಬದಲಾಗುತ್ತದೋ ಸೋರಿಕೆ ಅಲ್ಲಿದೆ. ಪ್ಯಾಕಿಂಗಿನ ಸುತ್ತ ದಪ್ಪ ಗ್ರೀಸ್ ಮೆತ್ತಿ ನೋಡಬಹುದು. ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವವರಿದ್ದಾರೆ. ಕಾದ ಎಕ್ಸಾಸ್ಟ್ ಕೈಯಳತೆಯಲ್ಲಿರುವಾಗ ಬೆಂಕಿ ಹಿಡಿಯುವ ದ್ರವ ಚೆಲ್ಲುವ ಧೈರ್ಯ ನನಗೆ ಹಿಡಿಸದು.

ಇವೆಲ್ಲ ಸರಿಯಿದ್ದರೂ ಗಾಳಿ ಬರುತ್ತಿದ್ದರೆ ಥ್ರಾಟಲ್ ಶಾಫ್ಟ್ ಅಲುಗಾಡಿಸಿ ನೋಡಿ. ಉಕ್ಕಿನ ಶಾಫ್ಟು ಮೆತ್ತನೆಯ ಲೋಹದ ಬಾಡಿಯೊಳಗೆ ದಶಕಗಟ್ಟಲೆ ತಿರುಗಿ ರಂಧ್ರವನ್ನು ಸವೆಸಿರುತ್ತದೆ. ಬಿಲ್ಲೆ ಒಂದೊಂದು ಸಲ ಒಂದೊಂದು ಜಾಗದಲ್ಲಿ ಕೂರುತ್ತದೆ. ಬೆಳಿಗ್ಗೆ ಇಟ್ಟ ಸ್ಲೋ ಸಂಜೆಗೆ ಇರುವುದಿಲ್ಲ. ರಿಪೇರಿ ಕಿಟ್ ಹಾಕಿದರೂ ಇದು ಹೋಗದು, ಯಾಕೆಂದರೆ ಕಿಟ್ಟಿನಲ್ಲಿ ಬರುವುದು ಪ್ಯಾಕಿಂಗು, ನೀಡಲ್ಲು, ವಾಷರು. ಬೇಕಾದದ್ದು ಲೇತ್ ಕೆಲಸ: ರಂಧ್ರ ಕೊರೆದು ಹೊಸ ಬುಷ್ ಕೂರಿಸಬೇಕು. ಕಿಟ್ ಹಾಕಿದರೂ ಸರಿಹೋಗದ ಕಾರ್ಬೊರೇಟರಿಗೆ ಎರಡನೇ ಕಿಟ್ ಕೊಳ್ಳುವ ಮೊದಲು ಈ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ದುಡ್ಡು ಉಳಿಯುತ್ತದೆ.

ಕರೆಂಟಿನ ಕಡೆ ನೋಡುವುದು ಬೇಗ ಮುಗಿಯುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಗ್ಯಾಪ್ ಅರ್ಧ ಮಿಲಿಮೀಟರ್, ಟೈಮಿಂಗ್ ಪಿಸ್ಟನ್ನಿನ ಮೇಲುತುದಿಗೆ 5 ಡಿಗ್ರಿ ಮೊದಲು, ಸ್ಲೋ ನಿಮಿಷಕ್ಕೆ ಸುಮಾರು 600 ಸುತ್ತು. ಪಾಯಿಂಟ್ ಸವೆದು ಟೈಮಿಂಗ್ ಹಿಂದೆ ಬಿದ್ದರೆ ಸ್ಲೋ ಇಳಿಯುತ್ತದೆ, ಬೈಸಿಕೊಳ್ಳುವುದು ಕಾರ್ಬೊರೇಟರ್. ಲಯಬದ್ಧವಾಗಿ ಒಂದೇ ಕಡೆ ಮಿಸ್ಸಿಂಗ್ ಇದ್ದರೆ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಸರಿಯಾಗಿ ಮುಚ್ಚದಿದ್ದರೂ ಹೀಗೇ ಆಗುತ್ತದೆ. ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಗೇಜು ಇದ್ದರೆ ಅದೃಷ್ಟ: ಆರೋಗ್ಯದ ಎಂಜಿನ್ನಿನಲ್ಲಿ ಮುಳ್ಳು 17ರಿಂದ 21 ಇಂಚಿನ ನಡುವೆ ಅಲುಗದೆ ನಿಲ್ಲುತ್ತದೆ, ವಾಲ್ವ್ ಕೆಟ್ಟಿದ್ದರೆ ತಾಳ ಹಾಕಿದ ಹಾಗೆ ಕೆಳಗೆ ಬೀಳುತ್ತಿರುತ್ತದೆ. ಈ ಅಂಕಿ ಸಮುದ್ರಮಟ್ಟದ್ದು. ಪ್ರತಿ ಸಾವಿರ ಅಡಿಗೆ ಒಂದು ಇಂಚಿನಷ್ಟು ಕಳೆಯಬೇಕು. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಅಲ್ಲಿ 15 ಇಂಚು ತೋರಿಸಿದರೆ ಗಾಬರಿ ಬೇಡ.

ಈಗ ಕಾರ್ಬೊರೇಟರಿಗೆ ಬರಬಹುದು. ರಸ್ತೆಯಲ್ಲಿ ಚೆನ್ನಾಗಿ ಓಡಿ, ಕಾಲು ತೆಗೆದಾಗ ಮಾತ್ರ ಆಫ್ ಆಗುತ್ತಿದ್ದರೆ ಸ್ಲೋ ಜೆಟ್ಟಿನಲ್ಲಿ ಕಸ ಕೂತಿರಬೇಕು. ಕಂಪ್ರೆಸರ್ ಗಾಳಿಯಲ್ಲಿ ಊದಿ ತೆಗೆಯಿರಿ. ತಂತಿ ತೂರಿಸಿದರೆ ಹಿತ್ತಾಳೆಯ ರಂಧ್ರ ದೊಡ್ಡದಾಗುತ್ತದೆ, ಆಮೇಲೆ ಆ ಜೆಟ್ ಎಸೆಯುವುದೇ ಸರಿ. ಬಳಿಕ ಮಿಕ್ಸ್ಚರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ಕೂರಿಸಿ, ಸುಮಾರು ಒಂದೂವರೆ ಸುತ್ತು ಹೊರಗೆ ತೆಗೆದು ಶುರುಮಾಡಿ. ಎಂಜಿನ್ ಅತಿ ಚುರುಕಾಗಿ ಓಡುವ ಜಾಗ ಹುಡುಕಿ, ಏರಿದ ವೇಗವನ್ನು ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮತ್ತೆ ಹುಡುಕಿ. ಇಲ್ಲೊಂದು ಪರೀಕ್ಷೆಯಿದೆ, ಕಿಸೆಗೆ ಖರ್ಚಿಲ್ಲದ್ದು. ಸ್ಲೋದಲ್ಲಿ ಓಡುತ್ತಿರುವಾಗ ಈ ಸ್ಕ್ರೂ ಪೂರ್ತಿ ಮುಚ್ಚಿದರೆ ಎಂಜಿನ್ ಆಫ್ ಆಗಲೇಬೇಕು. ಆಗದಿದ್ದರೆ ಅದು ಬೇರೆ ದಾರಿಯಿಂದ ಪೆಟ್ರೋಲ್ ಕುಡಿಯುತ್ತಿದೆ ಎಂದರ್ಥ. ಹೆಚ್ಚಿನ ಪಾಲು ಯಾರೋ ಥ್ರಾಟಲ್ ಸ್ಕ್ರೂ ಏರಿಸಿ ಏರಿಸಿ ಬಿಲ್ಲೆಯನ್ನು ಅದರ ಜಾಗದಿಂದ ಮೇಲೆ ತಂದಿರುತ್ತಾರೆ. ಅಂಥ ಗಾಡಿಯಲ್ಲಿ ಮಿಕ್ಸ್ಚರ್ ಸ್ಕ್ರೂವನ್ನು ಎತ್ತ ತಿರುಗಿಸಿದರೂ ಪ್ರಯೋಜನವಿಲ್ಲ. ಬಿಲ್ಲೆಯನ್ನು ಮೊದಲು ಕೆಳಗಿಳಿಸಬೇಕು, ಇಳಿಸಿದರೆ ಯಾಕೆ ಆಫ್ ಆಗುತ್ತದೆಂದು ಹಿಂದಿನ ಪರೀಕ್ಷೆಗಳಿಗೆ ಮರಳಬೇಕು.

ಇತ್ತೀಚೆಗೆ ಇನ್ನೊಂದು ಕಾರಣ ಸೇರಿಕೊಂಡಿದೆ. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಕಿಲೋ ಸಾಕು, ಈ ಮಿಶ್ರಣಕ್ಕೆ ಸುಮಾರು 13.5. ಹೊಸ ಗಾಡಿಯ ಸೆನ್ಸರ್ ಅದನ್ನು ಸರಿದೂಗಿಸುತ್ತದೆ. ಹಿತ್ತಾಳೆಯ ಜೆಟ್ಟಿನ ಅಳತೆ 1953ರದೇ, ಹಾಗಾಗಿ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಬೀಳುತ್ತದೆ. ಈ ಕಾರಣಕ್ಕೆ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಹೆಚ್ಚು ತೆರೆದರೆ ನನ್ನ ಆಕ್ಷೇಪವಿಲ್ಲ. ಆದರೆ ಹಳೆಯ ಪಂಪಿನ ಡಯಾಫ್ರಾಮು, ರಬ್ಬರ್ ಪೈಪುಗಳು ಎಥನಾಲಿಗೆಂದು ಮಾಡಿದವಲ್ಲ, ಅವನ್ನು ಬದಲಿಸಿಬಿಡಬೇಕು. ಎಥನಾಲ್ ತೇವವನ್ನೂ ಹೀರುತ್ತದೆ. ಮಳೆಗಾಲವಿಡೀ ಜೀಪನ್ನು ಶೆಡ್ಡಿನಲ್ಲಿ ನಿಲ್ಲಿಸುವುದಾದರೆ ಪಂಪಿಗೆ ಬರುವ ಪೈಪು ಕಳಚಿ ಬಾಯಿ ಮುಚ್ಚಿ, ಗಾಡಿಯನ್ನು ಬಯಲಿನಲ್ಲಿಟ್ಟು, ಕಾರ್ಬೊರೇಟರಿನ ಬಟ್ಟಲು ಬರಿದಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಆಮೇಲೆ ಒಳಗೆ ತಳ್ಳಿ.